ಅಕ್ಕನ ಮನೆಗೆ ಹಾಕಿದ ಬಲ್ಬುಗಳು

ಮೂಡಲಗಿಯ ನಮ್ಮ ಅಂಗಡಿಗೆ ಯಾರಾದರೂ ಬಂದು "ಮನಿಯಾಗ ಬೆಳಕು ಸಾಲವಲ್ದು" ಅಂದರೆ ಸಾಕು, ನನಗೆ ಎಲ್ಲಿಲ್ಲದ ಹುರುಪು ಬರುತ್ತದೆ. ಗಂಡ ವೈರಿಂಗ್ ಕೆಲಸಕ್ಕೆಂದು ಹಳ್ಳಿ ಹಳ್ಳಿ ತಿರುಗುತ್ತಾನೆ, ಗಲ್ಲಾಪೆಟ್ಟಿಗೆಯ ಮುಂದೆ ಕೂರುವವಳು ನಾನು. ಎಲ್‌ಇಡಿ ಬಲ್ಬನ್ನು ಡಬ್ಬಿಯಿಂದ ತೆಗೆದು, ಟೆಸ್ಟಿಂಗ್ ಬೋರ್ಡಿಗೆ ಸಿಕ್ಕಿಸಿ, ಗಿರಾಕಿಯ ಮುಖದ ಮೇಲೆಯೇ ಬೆಳಕು ಬೀಳುವಂತೆ ಹಿಡಿದು ಒಂದೇ ಉಸಿರಿನಲ್ಲಿ ಹೇಳುತ್ತೇನೆ: "ಬಿಸಿ ಆಗೂದಿಲ್ಲ, ಬಿಲ್ಲ ಏರೂದಿಲ್ಲ, ಬೇಗ ಹೋಗೂದಿಲ್ಲ. ವೋಲ್ಟೇಜ್ ಬಿದ್ರೂ ಇದರ ಮಾರಿ ಸಪ್ಪಗಾಗೂದಿಲ್ಲ. ಇನ್ನೇನ್ ಬೇಕ್ರಿ?" ಇಷ್ಟಾದ ಮೇಲೂ ಗಿರಾಕಿ ಯೋಚಿಸುತ್ತ ನಿಂತರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಕತ್ತಲೆಯಲ್ಲೇ ಕೂರುತ್ತೇನೆ ಅನ್ನುವವರಿಗೆ ಏನು ಹೇಳುವುದು?

ಸುಳ್ಳು ಹೇಳಿ ಮಾರುವವಳಲ್ಲ ನಾನು. ಮೊದಲಿನ ಬಲ್ಬುಗಳ ಕಾಲದಲ್ಲಿ, ಬೇಸಿಗೆಯಲ್ಲಿ ಎಲ್ಲರ ಪಂಪ್‌ಸೆಟ್ಟು ಒಮ್ಮೆಲೇ ಶುರುವಾದರೆ, ನಮ್ಮ ಮನೆಯ ಬಲ್ಬು ಆರುತ್ತಿರುವ ಕೆಂಡದ ಹಾಗೆ ಆಗುತ್ತಿತ್ತು. ಆ ಬೆಳಕಿನಲ್ಲಿ ಜೋಳದಲ್ಲಿನ ಹರಳು ಕಾಣದೆ ಎಷ್ಟು ಜನರ ಹಲ್ಲು ಕಟುಂ ಅಂದಿದೆಯೋ. ತುಕ್ಕಾನಟ್ಟಿಯ ಕುರಿ ಕಾಯುವ ಅಜ್ಜನೊಬ್ಬ ಕಂದೀಲು ಬಿಟ್ಟು ನಮ್ಮಲ್ಲಿ ಚಾರ್ಜಿಂಗ್ ಲೈಟು ಒಯ್ದಿದ್ದ. ಮುಂದಿನ ಸಂತೆಗೆ ಬಂದವನು ಕಟ್ಟೆಯ ಮೇಲೆ ಕೂತು, "ಎಣ್ಣಿ ವಾಸನಿ ಇಲ್ಲ, ಗಾಳಿಗಿ ಆರೂದಿಲ್ಲ. ಕುರಿ ಈಯೂ ಮುಂದ ಮರೀದು ಕಾಲು ಮೊದಲ ಬಂತೋ ತಲಿ ಮೊದಲ ಬಂತೋ ಸ್ವಚ್ಛ ಕಾಣ್ತೈತಿ ತಂಗಿ" ಎಂದ. ಅವತ್ತು ಅವನಿಗೆ ಚಹಾ ಕುಡಿಸಿ ಕಳಿಸಿದೆ. ಬೆಳಕು ಕೊಡುವುದು ಪುಣ್ಯದ ಕೆಲಸವೆಂದೇ ನಂಬಿದ್ದೆ, ಈಗಲೂ ಅದನ್ನು ಅಲ್ಲಗಳೆಯುವುದಿಲ್ಲ.

ಹೀಗಿರುವಾಗ ಗೋಕಾಕದಿಂದ ಅಕ್ಕ ಫೋನು ಮಾಡಿ, "ಕೆಲಸದ ಖೋಲಿಯಾಗ ಬೆಳಕು ಕಡಿಮಿ ಆಗೇತಿ, ಹೊಸಾ ನಮೂನಿ ಬಲ್ಬ್ ಇದ್ರ ತಗೊಂಡು ಬಾ" ಅಂದಾಗ ನನಗೆ ಖುಷಿಯೇ ಆಯಿತು. ಅವ್ವ ಬೇಗ ತೀರಿಕೊಂಡಿದ್ದಳು. ನನ್ನ ತಲೆಗೆ ಎಣ್ಣೆ ಹಚ್ಚಿ, ಜಡೆ ಹಾಕಿ, ಸಾಲಿಗೆ ಕಳಿಸಿದವಳು ಈ ಅಕ್ಕ. ಆಕೆಗೆ ನಾನು ಕೊಡಬಹುದಾದದ್ದು ನನ್ನ ಅಂಗಡಿಯಲ್ಲೇ ಇದೆಯೆಂದರೆ ಅದಕ್ಕಿಂತ ಹೆಚ್ಚಿನದೇನು?

ಅಕ್ಕ ಹಣ್ಣು ಬರೆಯುತ್ತಾಳೆ. ನಮ್ಮಲ್ಲಿ ಹಾಗೇ ಅನ್ನುವುದು. ಭಾವ ಹಗುರ ಕಟ್ಟಿಗೆಯನ್ನು ತಿರುಗಣಿಗೆ ಕೊಟ್ಟು ಮಾವು, ಪೇರಲ, ಬದನೆ, ನಿಂಬೆ ಅಂತ ಆಕಾರ ಮಾಡಿಕೊಡುತ್ತಾನೆ. ಅಕ್ಕ ಅದಕ್ಕೆ ಬಿಳಿ ಮಣ್ಣು ಬಳಿದು, ಬಣ್ಣ ಹಾಕಿ, ತಿನ್ನುವ ಹಣ್ಣನ್ನೇ ಮಾಡಿಬಿಡುತ್ತಾಳೆ. ಅವಳ ಕೈಚಳಕವೆಲ್ಲ ಇರುವುದು ಕೊನೆಗೆ ಹಣ್ಣಿನ ಮೇಲಿಡುವ ಕಲೆಯಲ್ಲಿ. ಪೇರಲದ ಮೇಲೆ ಸಾಸಿವೆಯಷ್ಟು ಸಣ್ಣ ಕಂದು ಚುಕ್ಕಿ, ಮಾವಿನ ತೊಟ್ಟಿನ ಬಳಿ ಸೊನೆ ಇಳಿದ ಗುರುತು, ಬದನೆಯ ಹೊಟ್ಟೆಗೆ ಮುಳ್ಳು ಗೀರಿದ ಗೆರೆ. "ಕಲಿ ಇಡದಿದ್ರ ಆಟಗಿ ಸಾಮಾನು, ಕಲಿ ಇಟ್ರ ಹಣ್ಣು" ಎಂದು ಆಕೆ ಅನ್ನುತ್ತಿದ್ದಳು. ಆ ಚುಕ್ಕಿ ಇಡುವಾಗ ಯಾರೂ ಮಾತಾಡುವಂತಿರಲಿಲ್ಲ.

ಮೊದಲ ಬಲ್ಬು ಖರೇನೇ ಕೆಲಸಕ್ಕೆ ಬಂತು. ಹಳೆಯ ಹಳದಿ ಬಲ್ಬಿನ ಕೆಳಗೆ ಅಕ್ಕ ಬದನೆಗೆ ಯಾವಾಗಲೂ ಸ್ವಲ್ಪ ನೀಲಿ ಹೆಚ್ಚಿಗೆ ಬೆರೆಸಬೇಕಾಗುತ್ತಿತ್ತು, ಇಲ್ಲದಿದ್ದರೆ ಹಗಲಿಗೆ ಒಯ್ದಾಗ ಬಣ್ಣ ಬೇರೆಯೇ ಕಾಣುತ್ತಿತ್ತು. ಈಗ ಒಳಗೆ ಕಂಡದ್ದೇ ಹೊರಗೂ ಕಾಣತೊಡಗಿತು. ಭಾವನಿಗೆ ಮಾತ್ರ ಒಂದು ತಕರಾರು. ಮಳೆಗಾಲದಲ್ಲಿ ಹಳೆಯ ಬಲ್ಬಿನ ಬಿಸಿಗೆ ಹಣ್ಣುಗಳನ್ನು ಒಣಗಿಸುವುದು ಅವನ ರೂಢಿ. "ಇದೇನ್ ಬಲ್ಬವಾ ಮಾರಾಯ್ತಿ, ಬೆಳಕು ಭಾಳ, ಝಳಾನ ಇಲ್ಲ. ನಿನ್ನಂಗ ಬರೇ ಮಾತು" ಎಂದು ನನ್ನನ್ನು ಕಾಡಿದ. "ನಿಮ್ಮ ಹಣ್ಣು ಒಣಗಸಾಕ ಕರೆಂಟ್ ಸುಡಬೇಕೇನು? ಬಿಸಿಲಿಗಿ ಇಡ್ರಿ" ಎಂದು ನಾನೂ ಬಿಡಲಿಲ್ಲ. ಅಕ್ಕ ಬಿದ್ದು ಬಿದ್ದು ನಕ್ಕಳು. ಆಮೇಲೆ ಆ ಮನೆಯಲ್ಲಿ ಅಂಥ ನಗು ಕೇಳಲು ಬಹಳ ದಿನ ಕಾಯಬೇಕಾಯಿತು.

ಒಂದಷ್ಟು ತಿಂಗಳು ಕಳೆದು ಮತ್ತೆ ಫೋನು. "ಮತ್ತ ಕಡಿಮಿ ಆಗೇತಿ." ಬಲ್ಬು ಮಂದವಾಗಿರಬೇಕೆಂದು ಇನ್ನೂ ಪ್ರಖರವಾದದ್ದು ಒಯ್ದೆ. ತೆಗೆದ ಬಲ್ಬನ್ನು ತಂದು ಅಂಗಡಿಯಲ್ಲಿ ಹಚ್ಚಿ ನೋಡಿದರೆ ಹೊಸದರ ಹಾಗೆಯೇ ಉರಿಯುತ್ತಿತ್ತು. ಮತ್ತೊಮ್ಮೆ ಹೋದಾಗ ಅದನ್ನೂ ತಿರುಗಿ ಒಯ್ದು ಇನ್ನೊಂದು ಹೋಲ್ಡರಿಗೆ ಹಾಕಿದೆ. ಗೋಡೆಯ ನೀಲಿ ಬಣ್ಣ ಬೆಳಕು ತಿನ್ನುತ್ತದೆಂದು ನಾನೇ ಕಂಡುಹಿಡಿದು, ಭಾವನ ಬೆನ್ನು ಹತ್ತಿ ಸುಣ್ಣ ಬಳಿಸಿದೆ. ಆಮೇಲೆ ಟ್ಯೂಬು. ಆಮೇಲೆ ಛಾವಣಿಗೆ ಚೌಕದ ಪ್ಯಾನೆಲ್ಲು. ಆಮೇಲೆ ಕುತ್ತಿಗೆ ಬಾಗಿಸಿ ಹಣ್ಣಿನ ಹತ್ತಿರಕ್ಕೇ ತರಬಹುದಾದ ದೀಪ. ಕರೆಂಟು ಹೋದರೂ ಆರದ ಬ್ಯಾಟರಿ ಬಲ್ಬು. ಆ ಸಣ್ಣ ಖೋಲಿ ಮದುವೆ ಮಂಟಪದ ಹಾಗೆ ಆಯಿತು. ಓಣಿಯಲ್ಲಿ ಹೋಗುವವರು ಕಿಟಕಿಯಿಂದ ಇಣುಕಿ, "ಶೂಟಿಂಗ್ ಐತೇನ್ರಿ?" ಎಂದು ಕೇಳಿ ಹೋಗುತ್ತಿದ್ದರು.

ಪ್ರತಿಸಲವೂ ಅಕ್ಕ ಹೊಸ ದೀಪದ ಕೆಳಗೆ ಕೂತು, ಬ್ರಶ್ಶು ಹಿಡಿದು, "ಹಾಂ, ಈಗ ಚಲೋ ಆತು" ಎನ್ನುತ್ತಿದ್ದಳು. ಆ ಮಾತಿಗೆ ನಾನು ಉಬ್ಬುತ್ತಿದ್ದೆ. ಆದರೆ ಆಕೆಯಲ್ಲಿ ಏನೋ ಬದಲಾಗಿದ್ದು ನನ್ನ ಕಣ್ಣಿಗೆ ಬೀಳದೆ ಇರಲಿಲ್ಲ. ಹಣ್ಣನ್ನು ಎದುರಿಗಿಟ್ಟುಕೊಂಡು ಕೋಳಿಯ ಹಾಗೆ ತಲೆ ಓರೆ ಮಾಡುತ್ತಿದ್ದಳು. ನನ್ನೊಂದಿಗೆ ಮಾತಾಡುವಾಗ ನನ್ನನ್ನು ನೋಡುವುದೇ ಬಿಟ್ಟಿದ್ದಳು. ನಾನು ಎದುರಿಗೆ ಕೂತಿದ್ದರೂ ಬಾಗಿಲನ್ನೋ ಗೋಡೆಯನ್ನೋ ನೋಡುತ್ತ ಉತ್ತರ ಕೊಡುತ್ತಿದ್ದಳು. ನನಗೋ ಮೂಗಿನ ತುದಿಯಲ್ಲಿ ಸಿಟ್ಟು. "ನಾ ಇಲ್ಲಿ ಕುಂತೇನಿ, ಅಲ್ಲಿಲ್ಲ. ಏನ್ ತಪ್ಪ ಮಾಡೇನಿ ಹೇಳರ ಹೇಳು. ಇತ್ತ ನೋಡಿ ಮಾತಾಡು" ಎಂದು ಗದರುತ್ತಿದ್ದೆ. ಆಕೆ ಮುಖ ನನ್ನ ಕಡೆ ತಿರುಗಿಸುತ್ತಿದ್ದಳು.

ಹುಕ್ಕೇರಿಯ ಒಬ್ಬ ಹೆಣ್ಣುಮಗಳು ಮಗಳ ಮದುವೆಯ ರುಖವತಕ್ಕೆ ಹಣ್ಣಿನ ಬುಟ್ಟಿ ಬೇಕೆಂದು ಬಂದದ್ದು ಆ ಹೊತ್ತಿನಲ್ಲಿ. ಹೆಣ್ಣಿನ ಕಡೆಯವರು ತಮ್ಮ ಕೈಗೆಲಸವನ್ನೆಲ್ಲ ಹಂದರದಲ್ಲಿ ಸಾಲಾಗಿಟ್ಟು ಬೀಗರಿಗೆ ತೋರಿಸುವುದು ರುಖವತ. ಅಕ್ಕನ ಬುಟ್ಟಿ ಹೋಯಿತೆಂದರೆ ಅಲ್ಲಿ ಒಂದು ಆಟ ನಡೆಯುತ್ತಿತ್ತು. ಕಟ್ಟಿಗೆಯ ಹಣ್ಣುಗಳ ನಡುವೆ ಒಂದೇ ಒಂದು ಖರೇ ಹಣ್ಣು ಇಡುವುದು. ಗಂಡಿನ ಕಡೆಯವರು ಕೈ ಹಚ್ಚದೆ, ಕಣ್ಣಿನಿಂದಲೇ ಅದನ್ನು ಹುಡುಕಬೇಕು. ತಪ್ಪಿದರೆ ಹೆಣ್ಣಿನ ಕಡೆಯ ಹೆಂಗಸರು ಹೆಸರಿಟ್ಟು ಹಾಡಿ ಅವರ ಮರ್ಯಾದೆ ತೆಗೆಯುತ್ತಿದ್ದರು. ಅಕ್ಕನ ಬುಟ್ಟಿಯಲ್ಲಿ ಒಂದೇ ಸಲಕ್ಕೆ ಗೆದ್ದ ಬೀಗರಿಲ್ಲ ಎಂಬುದು ಆಕೆಯ ಹೆಮ್ಮೆ. ಮಕ್ಕಳಿಲ್ಲದ ಆಕೆಗೆ ಇದ್ದದ್ದೂ ಅದೊಂದೇ ಹೆಮ್ಮೆ.

ಬುಟ್ಟಿ ಒಯ್ಯುವ ಹಿಂದಿನ ದಿನ ನಾನು ಗೋಕಾಕಕ್ಕೆ ಹೋದೆ. ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಹೊರಗೆ ತಿರುಗಣಿಯ ಮುಂದೆ ಭಾವ ಕೂತಿದ್ದ. ಅವನ ಮಡಿಲಲ್ಲಿ ಅಕ್ಕ ಮುಗಿಸಿದ ನಿಂಬೆಹಣ್ಣು, ಕೈಯಲ್ಲಿ ಸಣ್ಣ ಬ್ರಶ್ಶು. ಉಳಿ ಹಿಡಿದು ಒರಟಾದ ಬೆರಳುಗಳಿಂದ ಅವನು ಚುಕ್ಕಿಗಳನ್ನು ಒರೆಸಿ ಮತ್ತೆ ಇಡುತ್ತಿದ್ದ. ನನ್ನನ್ನು ಕಂಡು ಬ್ರಶ್ಶು ಮರೆಮಾಡಿದ. ಆಮೇಲೆ, ಮರೆಮಾಡಿ ಏನು ಉಪಯೋಗ ಅನ್ನಿಸಿತೇನೋ, ಅವನೇ ಮೆಲ್ಲಗೆ ಹೇಳಿದ: "ಒಂದ ಕಡೆ ಕೂಡಿ ಬೀಳಾಕತ್ತಾವು ಚುಕ್ಕಿ. ಆಕಿಗಿ ಹೇಳಬ್ಯಾಡ. ನಾ ತಿದ್ತೇನಿ." ಎಂದಿನಿಂದ ಎಂದು ಕೇಳಿದೆ. ಅವನು ಮತ್ತೆ ಬ್ರಶ್ಶು ಬಣ್ಣಕ್ಕೆ ಅದ್ದಿದ. ತಿದ್ದಿದ ನಿಂಬೆ ಅಕ್ಕನ ನಿಂಬೆಯ ಹಾಗೆ ಇರಲೂ ಇಲ್ಲ.

ಒಳಗೆ ಎಲ್ಲ ದೀಪಗಳೂ ಹತ್ತಿದ್ದವು. ಉಸುಕು ತುಂಬಿದ, ಅಗಲ ತಾಟಿನಂಥ ಪರಾತದಲ್ಲಿ ಕಟ್ಟಿಗೆಯ ಪೇರಲಗಳನ್ನು ಕಡ್ಡಿಗೆ ಚುಚ್ಚಿ ನಿಲ್ಲಿಸಿದ್ದಳು. ಅಂಚಿನಲ್ಲಿ ಬೇರೊಂದು ಕಡ್ಡಿಗೆ, ನೋಡಿ ಬರೆಯಲೆಂದು, ಪೇಟೆಯಿಂದ ತಂದ ಖರೇ ಪೇರಲದ ದೋರೆಗಾಯಿ. ಯಾವಾಗಲೂ ಆಕೆ ಕೂರುವುದು ಹೀಗೆಯೇ, ಮಾದರಿ ಎಡಕ್ಕೆ, ಬರೆಯುವುದು ಬಲಕ್ಕೆ. ಭಾವನೂ ನನ್ನ ಹಿಂದೆ ಬಂದು ಬಾಗಿಲಲ್ಲಿ ನಿಂತ. ಅಕ್ಕ ಬ್ರಶ್ಶಿನ ತುದಿಯನ್ನು ಬಣ್ಣಕ್ಕೆ ಅದ್ದಿ, ತಲೆ ಓರೆ ಮಾಡಿ, ಉಸಿರು ಬಿಗಿಹಿಡಿದು ಮೊದಲ ಚುಕ್ಕಿ ಇಟ್ಟಳು. ಇಟ್ಟದ್ದು ಮಾದರಿಯ ಮೇಲೆ.

ಮೊದಲು ನನಗೆ ಅರ್ಥವೇ ಆಗಲಿಲ್ಲ. ಬಣ್ಣ ಹೋಲಿಸಿ ನೋಡುತ್ತಿರಬೇಕು ಅಂದುಕೊಂಡೆ. ಆಕೆ ಮತ್ತೊಂದು ಇಟ್ಟಳು. ಮಗದೊಂದು. ದೇವರು ಕೊಟ್ಟ ಚುಕ್ಕಿಗಳಿದ್ದ ಹಣ್ಣಿಗೆ ಅಕ್ಕ ತನ್ನ ಚುಕ್ಕಿ ಸೇರಿಸುತ್ತಿದ್ದಳು. ನನ್ನ ಅಂಗಡಿಯ ಅತ್ಯುತ್ತಮ ದೀಪಗಳು ನೆತ್ತಿಯ ಮೇಲೆ, ಕಿವಿಯ ಪಕ್ಕದಲ್ಲಿ, ಮೂಗಿನ ಮುಂದೆ ಉರಿಯುತ್ತಿದ್ದವು. ಇನ್ನು ಎಲ್ಲಿ ಯಾವ ಬಲ್ಬು ಹಾಕಲಿ? "ಅಕ್ಕಾ" ಎಂದು ಕೂಗಬೇಕೆಂದರೆ ಭಾವ ನನ್ನ ಮೊಣಕೈ ಒತ್ತಿದ. ತಿರುಗಿ ನೋಡಿದೆ. ಬೇಡ ಅನ್ನುವಂತೆ ತಲೆಯಾಡಿಸಿದ, ಅವನ ಕಣ್ಣು ತುಂಬಿತ್ತು. ಇಬ್ಬರೂ ಗೂಟ ಹೊಡೆದಂತೆ ನಿಂತೆವು. ಆಕೆ ಹಣ್ಣಿನ ಸುತ್ತ ಪೂರ್ತಿ ಚುಕ್ಕಿ ಇಟ್ಟು, ಬ್ರಶ್ಶು ತೊಳೆದು, "ಆತು" ಎಂದಳು.

ಅಷ್ಟು ಅಸಹಾಯಕಳಾಗಿ ನಾನು ಯಾವತ್ತೂ ನಿಂತಿಲ್ಲ. ಬಲ್ಬು ಹೋದರೆ ಬದಲಿಸುತ್ತೇನೆ, ಹೋಲ್ಡರ್ ಸಡಿಲಾದರೆ ಬಿಗಿ ಮಾಡುತ್ತೇನೆ, ವೈರು ಸುಟ್ಟರೆ ಗಂಡನನ್ನು ಕಳಿಸುತ್ತೇನೆ. ಇಲ್ಲಿ ಏನು ಬಿಚ್ಚಲಿ, ಏನು ಜೋಡಿಸಲಿ?

ಮರುದಿನ ಬುಟ್ಟಿ ಕೊಡುವ ನೆವದಲ್ಲಿ ಅಕ್ಕನನ್ನೂ ಹುಕ್ಕೇರಿಗೆ ಕರೆದೊಯ್ದೆ. ಆ ಪೇರಲವನ್ನು ಭಾವ ಎಸೆಯಲಿಲ್ಲ, ಕಡ್ಡಿಯ ತೂತಿಗೆ ಮೇಣ ತುಂಬಿ ತನ್ನ ಕೈಯಾರೆ ಉಳಿದವುಗಳ ನಡುವೆ ಇಟ್ಟಿದ್ದ. ಮದುವೆ ಮನೆಯಲ್ಲಿ ಬುಟ್ಟಿ ಇಳಿಸುವಾಗ ನಾನು ಆ ಹೆಣ್ಣುಮಗಳ ಕಿವಿಯಲ್ಲಿ, "ಖರೇ ಹಣ್ಣು ಒಳಗ ಐತ್ರಿ, ಬ್ಯಾರೆ ಇಡಬ್ಯಾಡ್ರಿ" ಎಂದೆ. ಅಲ್ಲಿಂದ ಕಣ್ಣಿನ ಡಾಕ್ಟರ ಬಳಿ. ಅಕ್ಕ ಬಸ್ಸಿನಿಂದ ಇಳಿದಾಗಿನಿಂದಲೂ ನೆವ ಗೊತ್ತಿದ್ದವಳ ಹಾಗೆ ಏನೂ ಕೇಳದೆ ಬಂದಳು.

ಡಾಕ್ಟರು ಕಣ್ಣಿಗೆ ಹನಿ ಹಾಕಿ, ಬಹಳ ಹೊತ್ತು ನೋಡಿ, ಕುರ್ಚಿ ಹಿಂದಕ್ಕೆ ಸರಿಸಿದರು. "ಕಣ್ಣಿನ ಹಿಂದ ಪರದೆ ಇರತೈತಲ್ರಿ, ಅದರ ನಡುವಿನ ಭಾಗ ಸವದೈತಿ. ಎರಡೂ ಕಣ್ಣಿಂದು. ನೆಟ್ಟಗ ನೋಡಿದ್ದು ಕಾಣೂದಿಲ್ಲ, ಅಂಚಿನಾಗಿಂದು ಕಾಣತೈತಿ. ಹೋದದ್ದು ಬರೂದು ಕಷ್ಟರಿ. ಉಳದದ್ದು ಉಳಸಾಕ ಆಗತೈತೇನೋ, ಬೆಳಗಾವಿಗಿ ಬರದು ಕೊಡ್ತೇನಿ." ನಾನು ನನ್ನ ಚಾಳಿ ಬಿಡಲಿಲ್ಲ. "ಇನ್ನೂ ಜಾಸ್ತಿ ಬೆಳಕು ಹಾಕಿದ್ರರಿ? ನಮ್ಮದ ಅಂಗಡಿ ಐತ್ರಿ" ಎಂದೆ. ಅವರು ನಗಲಿಲ್ಲ. "ಬೆಳಕು ಒಳ್ಳೇದರಿ, ಬ್ಯಾಡ ಅನ್ನೂದಿಲ್ಲ. ಓಡಾಡಾಕ ಅನುಕೂಲ ಆಗತೈತಿ. ಆದ್ರ ಬೆಳಕು ಹೋಗಿ ಬೀಳೂ ಜಾಗಾನ ಹೋಗೇತಲ್ರಿ." ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. ಹೊರಗೆ ಬಂದ ಮೇಲೆ ಕಬ್ಬಿನ ಹಾಲು ಕುಡಿಯೋಣವೇ ಅಂದಳು. ಕುಡಿದೆವು.

ಬೆಳಗಾವಿಗೂ ಹೋಗಿಬಂದೆವು. ಅಲ್ಲಿಯೂ ಅದೇ ಮಾತು, ಸ್ವಲ್ಪ ದೊಡ್ಡ ಕಟ್ಟಡದಲ್ಲಿ. ಕಣ್ಣಿಗೆ ಇಂಜೆಕ್ಷನ್ ಕೊಟ್ಟರು, ಮತ್ತೆ ಬರಲು ಹೇಳಿದರು. ವಾಪಸು ಬಂದ ಮರುದಿನ ಮಧ್ಯಾಹ್ನ ನಾನಿನ್ನೂ ಗೋಕಾಕದಲ್ಲೇ ಇದ್ದಾಗ ಹುಕ್ಕೇರಿಯ ಹೆಣ್ಣುಮಗಳ ಫೋನು ಬಂತು. ದನಿಯಲ್ಲೇ ಮದುವೆ ಮನೆಯ ಗದ್ದಲ ಇನ್ನೂ ಇತ್ತು. ಬುಟ್ಟಿಯ ಮುಂದೆ ಗಂಡಿನ ಕಡೆಯವರು ಕುಕ್ಕರುಗಾಲಲ್ಲಿ ಕೂತು ಸೋತು ಸುಣ್ಣವಾದರಂತೆ. ಮಾವು ತೋರಿಸಿದರಂತೆ, ನಿಂಬೆ ತೋರಿಸಿದರಂತೆ, ಬದನೆಯನ್ನೂ ಬಿಡಲಿಲ್ಲವಂತೆ. ಪೇರಲದ ಮೇಲೆ ಕಣ್ಣು ಹಾಯಿಸಿದ ಮುದುಕಿಯೊಬ್ಬಳು, "ಇಷ್ಟ ಚುಕ್ಕಿ ಖರೇ ಹಣ್ಣಿಗಿ ಎಲ್ಲಿ ಇರತಾವ, ಇದು ಬರದದ್ದು" ಎಂದು ಅದನ್ನು ಬಿಟ್ಟು ಮುಂದಿನದಕ್ಕೆ ಹೋದಳಂತೆ. ಕೊನೆಗೆ ಹೆಣ್ಣಿನ ಕಡೆಯವರೇ ಅದನ್ನು ಕೊಯ್ದು ತಿನ್ನಿಸಿ ತೋರಿಸಬೇಕಾಯಿತಂತೆ. "ನಿಮ್ಮಕ್ಕಗ ಹೇಳ್ರಿ, ಅಂಥಾ ಕೈ ಯಾರಿಗೂ ಇಲ್ಲ. ನಮ್ಮ ತಂಗೀ ಮಗಳ ಮದವಿಗೂ ಅಂಥಾದ್ದ ಬುಟ್ಟಿ ಬೇಕ್ರಿ" ಎಂದಳು.

ಸ್ಪೀಕರಿನಲ್ಲಿ ಎಲ್ಲ ಕೇಳಿದ ಅಕ್ಕ ನಕ್ಕಳು. ಮೊದಲ ಬಲ್ಬು ಹಾಕಿದ ದಿನ ನಕ್ಕ ಹಾಗೆ, ಬಿದ್ದು ಬಿದ್ದು. ಭಾವನಿಗೆ ಆ ನಗು ನೋಡಲಾಗಲಿಲ್ಲ. ಕರದಂಟು ತರುತ್ತೇನೆಂದು ಚಪ್ಪಲಿ ಮೆಟ್ಟಿ ಹೊರಟುಬಿಟ್ಟ. ಖೋಲಿಯಲ್ಲಿ ನಾವಿಬ್ಬರೇ ಉಳಿದೆವು. ಅಕ್ಕ ನಗು ನಿಲ್ಲಿಸಿ, ಕಣ್ಣೊರೆಸಿಕೊಂಡು, "ಸ್ಟೂಲ್ ತಗೋ" ಎಂದಳು. "ಈ ಲೈಟೆಲ್ಲಾ ಬಿಚ್ಚು. ಕಣ್ಣಿಗಿ ಕುಕ್ಕತಾವು. ಅಂಗಡಿಗಿ ಒಯ್ದು ಯಾರಿಗರ ಕೊಡು, ಕಾಣೂ ಮಂದಿಗಿ."

"ಮತ್ತ ಬುಟ್ಟಿ?" ಎಂದೆ. ಬಾಯಿ ತಪ್ಪಿ ಬಂದ ಮಾತು.

"ಬುಟ್ಟಿ ಮುಗೀತು. ಅವರಿಗಿ ಫೋನ್ ಮಾಡಿ ಇಲ್ಲ ಅಂತ ಹೇಳು." ಆಮೇಲೆ ಅಂದಳು: "ಆ ಪ್ಯಾರಲ ಖರೇದು ಅಂತ ನನಗೂ ತಿಳೀತು. ಒಂದೆರಡು ಚುಕ್ಕಿ ಇಟ್ಟ ಮ್ಯಾಲ. ಕಟ್ಟಿಗಿ ಬಣ್ಣಾ ಕುಡೀತೈತಿ, ಅದು ಕುಡೀಲಿಲ್ಲ, ಜಾರಿತು."

"ತಿಳದ ಮ್ಯಾಲ ಯಾಕ ನಿಲ್ಲಸಲಿಲ್ಲ?"

"ನೀವಿಬ್ಬರೂ ಬಾಗಲದಾಗ ಉಸರು ಹಿಡದು ನಿಂತಿದ್ರಿ. ಕಣ್ಣು ಹೋದ್ರ ಕಿವಿ ಹೋಗತಾವೇನು? ನಾ ಬ್ರಶ್ ಕೆಳಗಿಟ್ರ ಮೂರೂ ಮಂದಿ ಅಳಬೇಕಾಗತಿತ್ತು. ಅದಕ ಪೂರ್ತಿ ಮಾಡಿದೆ."

ಸ್ಟೂಲು ಹತ್ತಿ ಒಂದೊಂದೇ ಆರಿಸುತ್ತ, ಬಿಚ್ಚುತ್ತ ಹೋದೆ. ಟ್ಯೂಬು ತೆಗೆದೆ, ಬ್ಯಾಟರಿ ಬಲ್ಬು ತೆಗೆದೆ, ಪ್ಯಾನೆಲ್ಲಿನ ವೈರು ಬಿಡಿಸಿದೆ. ಹಳೆಯ ಕಾಲದ ಬಲ್ಬಾಗಿದ್ದರೆ ಬಟ್ಟೆ ಸುತ್ತಿಕೊಂಡು ಮುಟ್ಟಬೇಕಿತ್ತು. ಇವು ಇಷ್ಟು ದಿನ ಉರಿದಿದ್ದರೂ ಗಾಜಿಗೆ ಒಂದಿಷ್ಟೂ ಬಿಸಿ ಇರಲಿಲ್ಲ. ಗಿರಾಕಿಗಳಿಗೆ ದಿನಾ ಹೊಗಳಿ ಹೇಳುವ ಗುಣವೇ ಅದು. ಅವತ್ತು ಅದರ ಮೇಲೆಯೇ ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಕೊನೆಗೆ ಉಳಿದದ್ದು ಮೊದಲು ತಂದ ಬಲ್ಬು. ಅದಕ್ಕೆ ಕೈ ಹಾಕಿದಾಗ ಅಕ್ಕ, "ಅದು ಇರಲಿ" ಎಂದಳು. "ನಿನ್ನ ಮಾರಿ ನೋಡಾಕ ಒಂದು ಸಾಕು."

ಹಾಗೆಂದವಳು ನನ್ನ ಕಡೆ ನೋಡುತ್ತಿರಲಿಲ್ಲ. ಬಾಗಿಲ ಪಕ್ಕದ ಬರೀ ಗೋಡೆಯನ್ನು, ನಾನು ಹಟ ಹಿಡಿದು ಸುಣ್ಣ ಬಳಿಸಿದ ಗೋಡೆಯನ್ನು ನೋಡುತ್ತಿದ್ದಳು. ರೂಢಿಯಂತೆ "ಇತ್ತ ನೋಡು" ಅನ್ನಲು ಬಾಯಿ ತೆರೆದೆ.

"ಅಳ್ಳಾಡಬ್ಯಾಡ, ಹಂಗ ನಿಂದ್ರು" ಎಂದಳು. "ನಿನ್ನ ಕಡೆ ನೋಡಿದ್ರ ನೀ ಇರೂದ ಇಲ್ಲ. ಗ್ವಾಡಿ ನೋಡಿದ್ರ ಬಾಜೂಕ ಬರ್ತಿ. ನಾ ಹಿಂಗ ನಿನ್ನ ನೋಡಾಕತ್ತು ಭಾಳ ದಿನ ಆತು. ನೀ ಬೈತಿದ್ದಿ, ಮತ್ತ ನಿನ್ನ ಕಡೆ ತಿರಗತಿದ್ದೆ, ನೀ ಹೋಗಿಬಿಡತಿದ್ದಿ."

ಸ್ಟೂಲಿನ ಮೇಲೆ, ಕೈಯಲ್ಲಿ ಬಿಚ್ಚಿದ ಬಲ್ಬುಗಳನ್ನು ಹಿಡಿದುಕೊಂಡು ನಿಂತೇ ಇದ್ದೆ. ಅಕ್ಕ ಗೋಡೆಯನ್ನು ಬಹಳ ಹೊತ್ತು ನೋಡಿದಳು.

"ತಲಿಗಿ ಎಣ್ಣಿ ಹಚ್ಚಿಲ್ಲ ನೀ" ಎಂದಳು.

"ಹಚ್ಚೇನಿ" ಎಂದೆ. ಹಚ್ಚಿರಲಿಲ್ಲ. ಆಕೆ ನೋಡಿ ಮುಗಿಸುವವರೆಗೆ ಅಲ್ಲಾಡದೆ ನಿಂತೆ.